ಮೂರುಸುತ್ತಿನ ಗುಡ್ಡ – ಕಂತು ಐದು: ಗೋಡೆಯಡಿಯ ಒಣ ನೆಲ

“ಕಲ್ಲು ಇಳಿಸೋ ಕೆಳಗೆ!”

ಬೆನಕಪ್ಪನ ಕೂಗಿಗೆ ಮುಂದಿದ್ದ ಕೂಲಿಯವನು ಬೆಚ್ಚಿಬಿದ್ದ. ಅವನ ಹಿಂದೆ ಇನ್ನೂ ಐದು ಜನ. ಆರು ತಲೆ, ಆರು ಸಿಂಬಿ, ಆರು ಕಲ್ಲು. ಮದುವೆ ಮನೆಗೆ ಸಾಮಾನು ಸಾಗಿಸುವವರ ಹಾಗೆ ಗುಡ್ಡದ ನೆತ್ತಿಯಿಂದ ಸಾಲು ಹಿಡಿದು ಇಳಿಯುತ್ತಿದ್ದರು.

“ಯಾರೋ ಹೇಳಿದ್ದು ಇದನ್ನ ಮುಟ್ಟೋಕೆ?”

“ಕಂಟ್ರಾಕ್ಟ್ರು ಸಾ. ಇನ್ನೂ ಬೀಳೋ ಹಂಗೈತೆ, ಮತ್ಯಾರಾದ್ರೂ ಸತ್ತಾರು, ಇಳಿಸ್ಬಿಡ್ರಲೇ ಅಂದ್ರು.”

“ಸತ್ತವನ ಲೆಕ್ಕವೇ ಇನ್ನೂ ಮುಗಿದಿಲ್ಲ, ಆಗಲೇ ಜಾಗ ಗುಡಿಸೋಕೆ ಬಂದ್ರಾ? ಇದ್ದಲ್ಲೇ ಇಳಿಸಿ. ಇನ್ನೊಂದು ಕಲ್ಲು ಅಲ್ಲಾಡಿದ್ರೆ ಆರು ಜನಾನೂ ಇವತ್ತು ಅಜ್ಜಂಪುರದ ಲಾಕಪ್ಪಲ್ಲಿ ಮುದ್ದೆ ಉಣ್ತೀರಿ.”

ಕಲ್ಲುಗಳು ದಡದಡ ಬಿದ್ದವು. ಕೂಲಿಯವರು ಸಿಂಬಿ ಕೊಡವಿಕೊಂಡು ಇಳಿಜಾರಿನಲ್ಲಿ ಮರೆಯಾದರು. ಕಾನ್‌ಸ್ಟೇಬಲ್ ಗಿಡ್ಡಪ್ಪ ಅವರು ಹೋದ ದಾರಿಯನ್ನೇ ಆಸೆಯಿಂದ ನೋಡಿದ.

“ಅವರ ಜೊತೆ ನೀನೂ ಹೋಗ್ತೀಯೇನೋ?”

“ಇಲ್ಲ ಸಾರ್. ಮುದ್ದೆ ಅಂದ್ರಲ್ಲ, ಹಸಿವಾಯ್ತು.”

ಬೆನಕಪ್ಪ ನಗಲಿಲ್ಲ. ಕಾವಲುಗಾರ ಸಣ್ಣಬೀರಪ್ಪನ ಹೆಣ ಈ ಬಿದ್ದ ಗೋಡೆಯ ಕಲ್ಲುಗಳಡಿ ಸಿಕ್ಕಿ ಒಂದು ದಿನ ಕಳೆದಿತ್ತು. ಇವತ್ತು ಗುರುವಾರ. ಸಂಜೆ ಐದಕ್ಕೆ ವರದಿ ಸರ್ಕಲ್ ಸಾಹೇಬರ ಮೇಜಿನ ಮೇಲಿರಬೇಕು. ‘ಹಳೆಯ ಗೋಡೆ ತಾನಾಗಿ ಕುಸಿದು ಸಾವು’ ಎಂದು ಸಬ್ ಇನ್ಸ್‌ಪೆಕ್ಟರ್ ಬೆನಕಪ್ಪ ಬರೆದುಕೊಟ್ಟರೆ, ಜನರ ಜೀವಕ್ಕೆ ಅಪಾಯವೆಂದು ಗೋಡೆ ತೆಗೆಸುವ ಹುಕುಂ ನಾಳೆಯೇ ಹೊರಡುತ್ತದೆ. ರಕ್ಷಿತ ಸ್ಮಾರಕವೆಂದು ಘೋಷಿಸಲು ಗೆಜೆಟ್ಟಿನಲ್ಲಿ ಬಂದಿರುವ ಮೊದಲ ಪ್ರಕಟಣೆ ರದ್ದಿ ಕಾಗದವಾಗುತ್ತದೆ. ಸಣ್ಣಬೀರಪ್ಪ ನಾಲ್ಕು ವರ್ಷ ಕಾಯ್ದ ಗೋಡೆಯನ್ನು ಅವನ ಹೆಣ ತೋರಿಸಿಯೇ ಕೆಡವುತ್ತಾರೆ.

ಅದನ್ನು ನೆನೆದಾಗಲೆಲ್ಲ ಬೆನಕಪ್ಪನ ಕಿವಿ ಬಿಸಿಯಾಗುತ್ತಿತ್ತು.

ಗುಡ್ಡಕ್ಕೆ ಮೂರು ಸುತ್ತು ಗೋಡೆ. ಬುಡದಲ್ಲೊಂದು, ನಡುವೆ ಒಂದು, ನೆತ್ತಿಯ ಹತ್ತಿರ ಒಂದು. ಗಾರೆಯಿಲ್ಲ, ಸುಣ್ಣವಿಲ್ಲ, ಮಣ್ಣೂ ಇಲ್ಲ. ಕಲ್ಲಿನ ಮೇಲೆ ಕಲ್ಲು, ಸಂದಿಗೆ ಚಕ್ಕೆ. ಆಳೆತ್ತರಕ್ಕೆ ಎದ್ದು ಬಂಡೆಯ ಏಣುಗಳನ್ನು ತಬ್ಬಿಕೊಂಡು ಹೋಗುವ ಗೋಡೆಗಳು. ಕೆಳಗಿನ ಹಟ್ಟಿಯವರು ಇದನ್ನು ಮೋರೇರು ಕಟ್ಟಿದ್ದು ಅನ್ನುತ್ತಾರೆ. ಮೋರೇರು ಅಂದರೆ ಯಾರು ಎಂದು ಕೇಳಿದರೆ, ‘ನಮಗಿಂತ ಮುಂಚೆ ಇದ್ದೋರು’ ಅನ್ನುತ್ತಾರೆ. ಅಷ್ಟೇ.

“ಅಷ್ಟೇ ಸರಿಯಾದ ಉತ್ತರ,” ಎಂದು ಹಿಂದೊಮ್ಮೆ ಈರಭದ್ರಪ್ಪ ಮೇಷ್ಟ್ರು ಹೇಳಿದ್ದರು. “ಹೊಯ್ಸಳರಲ್ಲ, ಪಾಳೆಯಗಾರರಲ್ಲ. ರಾಜ ಅನ್ನೋ ಮಾತು ಹುಟ್ಟೋಕೂ ಮುಂಚಿನವರು. ಕಲ್ಲನ್ನೇ ಉಜ್ಜಿ ಕೊಡಲಿ ಮಾಡಿಕೊಂಡವರು.”

ಮೇಷ್ಟ್ರು ಈಗ ಅಲ್ಲೇ ಇದ್ದರು. ನಿವೃತ್ತರಾಗಿ ಆರು ವರ್ಷ. ಬಿಳಿ ಪಂಚೆ, ಕಂಕುಳಲ್ಲಿ ರಟ್ಟಿನ ನೋಟುಬುಕ್ಕು, ಬರಿಗಾಲು. ಹೆಣವನ್ನು ಮೊದಲು ಕಂಡವರೂ ಅವರೇ. ಬುಧವಾರ ಬೆಳಿಗ್ಗೆ ಸೈಕಲ್ ತುಳಿದುಕೊಂಡು ಸ್ಟೇಷನ್ನಿಗೆ ಬಂದು, ಬೆಂಚಿನ ಮೇಲೆ ಕೂತು ಮಕ್ಕಳ ಹಾಗೆ ಅತ್ತಿದ್ದರು. ಈ ಗೋಡೆಗಾಗಿ ಇಪ್ಪತ್ತು ವರ್ಷ ಅರ್ಜಿ ಬರೆದವರು. ಪುರಾತತ್ವ ಇಲಾಖೆ ಸಣ್ಣಬೀರಪ್ಪನನ್ನು ಕಾವಲಿಗೆ ನೇಮಿಸಿದ್ದೂ ಅವರ ಅರ್ಜಿಗಳ ಕಾಟ ತಡೆಯಲಾರದೆ.

“ಮೇಷ್ಟ್ರೇ, ಅವನನ್ನ ನೀವು ಕೊನೇ ಸಲ ನೋಡಿದ್ದು ಯಾವಾಗ?” ಬೆನಕಪ್ಪ ಮತ್ತೊಮ್ಮೆ ಕೇಳಿದ.

“ನಿನ್ನೆ ಬರಕೊಂಡ್ಯಲ್ಲಪ್ಪ. ಭಾನುವಾರ. ನಮ್ಮ ಮನೆ ಜಗಲಿ ಮೇಲೆ.”

“ಸರಿ. ಗಿಡ್ಡಪ್ಪ, ಬಾ ಇಲ್ಲಿ. ಈ ಚಪ್ಪಡಿ ಎತ್ತು.”

“ಈಗ ತಾನೇ ಯಾರೂ ಅಲ್ಲಾಡಿಸಬಾರದು ಅಂದ್ರಿ?”

“ನಾನು ಅಂದದ್ದು ಕಳ್ಳರಿಗೆ. ಎತ್ತೋ.”

ಗೋಡೆ ಹತ್ತು ಗಜದಷ್ಟು ಕುಸಿದಿತ್ತು. ಹೆಣವಿದ್ದ ಜಾಗದಿಂದ ಎರಡು ಮಾರು ಈಚೆಗೆ, ಅಂಗಾತ ಬಿದ್ದ ದೊಡ್ಡ ಚಪ್ಪಡಿಯನ್ನು ಇಬ್ಬರೂ ಹಾರೆ ಕೊಟ್ಟು ಮೀಟಿದರು. ಅದು ನಿಧಾನವಾಗಿ ಎದ್ದು ಬದಿಗೆ ಮಗುಚಿತು.

ಬೆನಕಪ್ಪ ಮಂಡಿಯೂರಿದ.

ಚಪ್ಪಡಿಯ ಅಡಿಯ ನೆಲ ಒಣಗಿತ್ತು. ಬೂದಿಯಂಥ ಧೂಳು. ಧೂಳಿನಲ್ಲಿ ಕುರಿಹಿಕ್ಕೆ. ಒಂದನ್ನು ಬೆರಳಲ್ಲಿ ಹಿಸುಕಿದ, ಪುಡಿಪುಡಿಯಾಯಿತು. ಒಂದು ಮಾರು ಆಚೆ, ಕಲ್ಲು ಬೀಳದ ಕಡೆ, ಮಣ್ಣು ಇನ್ನೂ ಕಪ್ಪಗೆ ಹಸಿಯಾಗಿತ್ತು, ಹಿಕ್ಕೆಗಳು ನೆನೆದು ಅಂಟಾಗಿದ್ದವು.

“ಮಳೆ ಬಂದದ್ದು ಯಾವಾಗ?”

“ಮಂಗಳವಾರ ಸಂಜೆ ಸಾರ್. ಕೃತ್ತಿಕೆ ಮಳೆ. ನಮ್ಮ ಕ್ವಾಟ್ರಸ್ ಸೋರ್ತು.”

“ಅದಕ್ಕೆ ಮುಂಚೆ?”

“ಎರಡು ತಿಂಗಳಿಂದ ಒಂದು ಹನಿ ಇಲ್ಲ.”

“ಹಂಗಾದ್ರೆ ಈ ಚಪ್ಪಡಿ ಬಿದ್ದದ್ದು ಮಳೆಗೆ ಮುಂಚೆಯೋ ಆಮೇಲೋ?”

ಗಿಡ್ಡಪ್ಪ ನೆಲವನ್ನೂ ಚಪ್ಪಡಿಯನ್ನೂ ಎರಡೆರಡು ಸಲ ನೋಡಿದ. “ಮುಂಚೆ ಸಾರ್. ಆಮೇಲೆ ಬಿದ್ದಿದ್ರೆ ಅಡಿ ಹಸಿ ಇರ್ತಿತ್ತು.”

“ನಿನ್ನೆ ಹೆಣ ಎತ್ತಿದಾಗ ಕಂಬಳಿ ಹೆಂಗಿತ್ತು?”

“ನೆನೆದು ಮಣಭಾರ ಆಗಿತ್ತು. ತಲೆ ಮೇಲೆ ಕೊಪ್ಪೆ ಹಾಕಿದ್ದ.”

“ಕೊಪ್ಪೆ ಯಾವಾಗ ಹಾಕ್ತಾರೋ?”

ಇದನ್ನು ಗಿಡ್ಡಪ್ಪನಿಗೆ ಕೇಳಬೇಕಾಗಿರಲಿಲ್ಲ. ಬೆನಕಪ್ಪ ಯಗಟಿಯ ಕುರಿ ಮನೆಯಲ್ಲಿ ಹುಟ್ಟಿದವನು. ಕಂಬಳಿಯ ಒಂದು ಮೂಲೆಯನ್ನು ಒಳಕ್ಕೆ ಮಡಿಚಿ ಚುಂಚು ಮಾಡಿ ತಲೆಗೆ ಹಾಕಿಕೊಳ್ಳುವುದನ್ನು ಅವನು ಅಕ್ಷರಕ್ಕೆ ಮುಂಚೆ ಕಲಿತಿದ್ದ. ಬಿಸಿಲಿಗೆ ಹೆಗಲ ಮೇಲೆ, ಚಳಿಗೆ ಮೈಸುತ್ತ, ಮಳೆಗೆ ಮಾತ್ರ ಕೊಪ್ಪೆ. ಕುರಿ ಕಾಯುವವನು ಬೇಸಿಗೆಯ ಮಧ್ಯಾಹ್ನ ಕೊಪ್ಪೆ ಹಾಕಿ ಕೂರುವುದಿಲ್ಲ.

“ಗೋಡೆ ಬಿದ್ದದ್ದು ಮಳೆಗೆ ಮುಂಚೆ,” ಎಂದ, ಒಂದೊಂದೇ ಮಾತನ್ನು ಕಲ್ಲಿನ ಹಾಗೆ ಇಡುತ್ತ. “ಸಣ್ಣಬೀರಪ್ಪ ಮಳೆಯೊಳಗೆ ಬದುಕಿದ್ದ. ಬಿದ್ದು ಮಲಗಿದ್ದ ಗೋಡೆ ಆಮೇಲೆ ಎದ್ದು ಬಂದು ಅವನ ಮೇಲೆ ಇನ್ನೊಂದು ಸಲ ಬಿತ್ತಾ?”

ಮೇಷ್ಟ್ರ ಮುಖ ಬಿಳಿಚಿಕೊಂಡಿತು. “ಅಂದ್ರೆ… ಬೇರೆ ಎಲ್ಲೋ…”

“ಬೇರೆ ಎಲ್ಲೋ ತಲೆ ಒಡೆದು, ಇಲ್ಲಿಗೆ ಹೊತ್ತು ತಂದು, ಮೊದಲೇ ಕೆಡವಿದ್ದ ಗೋಡೆ ಕೆಳಗೆ ಮಲಗಿಸಿ, ಮೇಲೆ ನಾಲ್ಕು ಕಲ್ಲು ಹೇರಿದ್ದಾರೆ. ಇದು ಕೊಲೆ ಮೇಷ್ಟ್ರೇ.”

ಹೆಣ ಕೊಯ್ದ ಡಾಕ್ಟರು ‘ಭಾರವಾದ ವಸ್ತುವಿನಿಂದ ತಲೆಯ ಹಿಂಭಾಗಕ್ಕೆ ಪೆಟ್ಟು’ ಎಂದು ಬರೆದಿದ್ದರು. ಆ ಭಾರವಾದ ವಸ್ತು ಗೋಡೆಯ ಕಲ್ಲೂ ಆಗಬಹುದು, ಹಾರೆಯೂ ಆಗಬಹುದು. ಕೊಲೆಯೆಂದು ತೋರಿಸಲು ಬೆನಕಪ್ಪನ ಕೈಯಲ್ಲಿ ಈಗ ಇದ್ದದ್ದು ಈ ಒಂದು ಮಾರು ಒಣ ನೆಲ ಮಾತ್ರ. ಮಹಜರಿಗೆ ಇಬ್ಬರು ಪಂಚರು ಬೇಕು. ಪೊಲೀಸಿನವರು ಪಂಚರಾಗುವಂತಿಲ್ಲ.

“ಒಬ್ಬರು ನೀವು. ಕಂಡದ್ದನ್ನ ಕಂಡಹಾಗೆ ಬರೀತೀನಿ, ರುಜು ಹಾಕಿ.”

ಮೇಷ್ಟ್ರು ಕನ್ನಡಕ ಒರೆಸಿಕೊಂಡು ರುಜು ಹಾಕಿದರು. ಅವರ ದುಂಡನೆಯ ಅಕ್ಷರ ಇವತ್ತು ಸ್ವಲ್ಪ ಅಲುಗಾಡಿತ್ತು. ಯಾರದ್ದಾದರೂ ಅಲುಗಾಡುತ್ತಿತ್ತು.

“ಇನ್ನೊಬ್ಬನನ್ನ ಹಟ್ಟಿಯಿಂದ ಕರಕೊಂಡು ಬರ್ತೀನಿ. ಅವನು ಬಂದು ಈ ನೆಲ ಕಣ್ಣಾರೆ ನೋಡೋವರೆಗೆ ಯಾರನ್ನೂ ಹತ್ತಿರ ಬಿಡಬೇಡ ಗಿಡ್ಡಪ್ಪ. ಊಟಕ್ಕೂ ಹೋಗಬೇಡ.”

“ಹೋಗಲ್ಲ ಸಾರ್,” ಎಂದ ಗಿಡ್ಡಪ್ಪ, ಅಳುಮೋರೆ ಮಾಡಿಕೊಂಡು.

*

ಟ್ರಾಕ್ಟರು ಬಂದು ನಿಲ್ಲುವುದು ಮೂಡಲ ಕಡೆ. ಬೆನಕಪ್ಪ ಬೇಕೆಂದೇ ಅತ್ತ ಇಳಿದ.

ಮೇಲಿನ ಸುತ್ತಿನ ಮೂಡಲ ದಿಡ್ಡಿ ಒಬ್ಬ ಮನುಷ್ಯ ಓರೆಯಾಗಿ ನುಸುಳುವಷ್ಟೇ ಅಗಲ. ಅದನ್ನು ದಾಟುತ್ತಿದ್ದಂತೆ ಗೋಡೆಯ ಬುಡದ ಪೊಟರೆಯಲ್ಲಿ ಏನೋ ಕಂಡಿತು. ಕೈ ಹಾಕುವ ಮುಂಚೆ ಬಗ್ಗಿ ನೋಡಿದ.

ಒಂದು ಜೊತೆ ಎಕ್ಕಡ. ಟೈರಿನ ಅಟ್ಟೆ, ತೊಗಲಿನ ಪಟ್ಟಿ. ನೀಟಾಗಿ ಪಕ್ಕಪಕ್ಕ ಇಟ್ಟಿತ್ತು. ಆದರೆ ಎಡಗಾಲಿನದು ಬಲಕ್ಕೆ, ಬಲಗಾಲಿನದು ಎಡಕ್ಕೆ.

ಬೆನಕಪ್ಪ ಅಲ್ಲೇ ಒಂದು ಕಲ್ಲಿನ ಮೇಲೆ ಕೂತ.

ಮೇಲಿನ ಸುತ್ತಿನೊಳಗೆ ಹಟ್ಟಿಯವರು ಯಾರೂ ಎಕ್ಕಡ ಮೆಟ್ಟಿ ಹೋಗುವುದಿಲ್ಲ. ದೇವರಿಲ್ಲ, ಗುಡಿಯಿಲ್ಲ, ಪೂಜೆಯಿಲ್ಲ, ಆದರೂ ಹೋಗುವುದಿಲ್ಲ. ಸಣ್ಣಬೀರಪ್ಪನೂ ಬಿಡುತ್ತಿದ್ದ. ಆದರೆ ಅವನು ಬಿಡುತ್ತಿದ್ದದ್ದು ಹಟ್ಟಿಯ ಕಡೆಯ ಪಡುವಲ ದಿಡ್ಡಿಯಲ್ಲಿ, ಬೆನಕಪ್ಪನೇ ನೋಡಿದ್ದ. ಮೂಡಲ ದಿಡ್ಡಿಗೆ ಬರಬೇಕಾದರೆ ಹಟ್ಟಿಯಿಂದ ಒಂದು ಮೈಲಿ ಸುತ್ತಬೇಕು.

ತನ್ನ ಎಕ್ಕಡ ತಾನು ಬಿಟ್ಟವನಿಗೆ ಎಡ ಎಡಕ್ಕೇ ಉಳಿಯುತ್ತದೆ. ಎದುರು ಕೂತು ಇನ್ನೊಬ್ಬನ ಕಾಲಿನಿಂದ ಬಿಚ್ಚಿ ಇಟ್ಟರೆ ತಿರುವುಮುರುವಾಗುತ್ತದೆ.

ಸತ್ತವನನ್ನು ಹೊತ್ತು ತಂದವನು ದಿಡ್ಡಿಯ ಹತ್ತಿರ ನಿಂತಿದ್ದಾನೆ. ಹೆಣ ಇಳಿಸಿದ್ದಾನೆ. ಕೊಲೆಯ ಗುರುತು ಮುಚ್ಚಲು ಬಂದವನು, ಮಳೆಯಲ್ಲಿ, ಯಾರಾದರೂ ನೋಡಿಯಾರೆಂಬ ಹೆದರಿಕೆಯಲ್ಲಿ, ಒಂದು ಕ್ಷಣ ನಿಂತು ಹೆಣದ ಕಾಲಿನಿಂದ ಎಕ್ಕಡ ಬಿಚ್ಚಿದ್ದಾನೆ. ಒಳಗೆ ಮೆಟ್ಟಿಕೊಂಡು ಹೋಗಬಾರದಲ್ಲ!

ಕಂಟ್ರಾಕ್ಟರನ ಕಡೆಯವರು ಬೂಟು ಹಾಕಿಕೊಂಡೇ ಮೇಲೆಲ್ಲ ಓಡಾಡುವ ಜನ. ಈ ಕೆಲಸ ಅವರದಲ್ಲ. ಈ ಗುಡ್ಡಕ್ಕೆ ನಡೆದುಕೊಳ್ಳುವವನೇ ಯಾರೋ ಮಾಡಿದ್ದು. ಮನುಷ್ಯನ ತಲೆ ಒಡೆಯಬಹುದು, ಗೋಡೆಯೊಳಗೆ ಎಕ್ಕಡ ಮಾತ್ರ ಹೋಗಬಾರದು. ಥೂ!

ಎಕ್ಕಡಗಳನ್ನು ಕರವಸ್ತ್ರದಲ್ಲಿ ಹಿಡಿದು ಇಳಿದ.

*

ಗುಡ್ಡದ ಬುಡದಲ್ಲಿ ಖಾಲಿ ಟ್ರೇಲರು, ಅದರ ಪಕ್ಕ ಜೀಪು. ಜೀಪಿನ ನೆರಳಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕಂಟ್ರಾಕ್ಟರ್ ಮಲ್ಲಿಕಾರ್ಜುನಯ್ಯ ಕೂತಿದ್ದರು. ಐವತ್ತರ ಆಸುಪಾಸು. ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಖಾದಿ. ಬೆನಕಪ್ಪನ ಕೈಯಲ್ಲಿದ್ದುದನ್ನು ನೋಡಿ ಹುಬ್ಬೇರಿಸಿದರು.

“ಏನ್ ಬೆನಕಪ್ಪನೋರೇ, ಎಕ್ಕಡ ಹಿಡ್ಕೊಂಡು ಬರ್ತಿದ್ದೀರಿ? ನನಗೇನಾ?”

“ಅಳತೆ ಸರಿಹೋದ್ರೆ ನಿಮಗೇ.”

ಮಲ್ಲಿಕಾರ್ಜುನಯ್ಯ ಮನಸಾರೆ ನಕ್ಕರು. “ಕೂತ್ಕೊಳ್ಳಿ. ನನ್ನ ಆಳುಗಳನ್ನ ಓಡಿಸಿದ್ರಂತೆ.”

“ಹೆಣ ಬಿದ್ದ ಜಾಗದಿಂದ ಕಲ್ಲು ಹೊರಿಸೋಕೆ ಯಾರು ಹೇಳಿದ್ದು ನಿಮಗೆ?”

“ಮಾನವೀಯತೆ ಕಣ್ರೀ. ಮಳೆಗೆ ನೆಂದ ಗೋಡೆ, ಇವತ್ತು ಒಬ್ಬ ಸತ್ತ, ನಾಳೆ…”

“ಮಳೆಗೆ ನೆಂದು ಬೀಳೋದು ಮಣ್ಣಿನ ಗೋಡೆ. ಒಂದು ಚಿಟಿಕೆ ಮಣ್ಣಿಲ್ಲದ ಗೋಡೆ ನೆನೆಯೋದು ಹೆಂಗೆ ಸ್ವಾಮಿ? ಮೂರು ಸಾವಿರ ವರ್ಷದ ಮಳೆಗೆ ಬೀಳದ್ದು ಮಂಗಳವಾರದ ಒಂದು ಗಂಟೆ ಮಳೆಗೆ ಬಿತ್ತಾ?”

“ನಾನೇನು ಇಂಜಿನಿಯರೇ?”

“ನೀವು ಕಂಟ್ರಾಕ್ಟರು. ನಾಲೆ ಕೆಲಸಕ್ಕೆ ಕಲ್ಲು ಬೇಕು. ಕ್ವಾರಿಯಿಂದ ತರೋಕೆ ಸಿಡಿಮದ್ದು ಬೇಕು, ಲೈಸೆನ್ಸು ಬೇಕು, ಒಡೆಯೋ ಜನ ಬೇಕು. ಇಲ್ಲಾದ್ರೆ ಯಾರೋ ಪುಣ್ಯಾತ್ಮರು ಆಗಲೇ ಆರಿಸಿ, ಹೊತ್ತು, ಜೋಡಿಸಿ ಇಟ್ಟಿದ್ದಾರೆ. ಟ್ರಾಕ್ಟರು ತಂದು ತುಂಬ್ಕೊಂಡರಾಯ್ತು.”

ಮಲ್ಲಿಕಾರ್ಜುನಯ್ಯನವರ ನಗು ಕರಗಲಿಲ್ಲ. “ಸರಿ, ಹಾಗೇ ಅನ್ನಿ. ತಪ್ಪೇನು? ಅಲ್ಲಿ ಒಂದು ಲಿಂಗ ಇದೆಯಾ? ಶಾಸನ ಇದೆಯಾ? ಒಂದಕ್ಷರ ಇದೆಯಾ? ನಾನೂ ಮಠಕ್ಕೆ ನಡ್ಕೊಳ್ಳೋನು, ಗುಡಿ ಕಲ್ಲಾದ್ರೆ ಮುಟ್ತಿರಲಿಲ್ಲ. ಯಾರೋ ಕಾಡುಜನ ಪೇರಿಸಿದ ಕಲ್ಲು. ನಾಲೆಗೆ ಹಾಕಿದ್ರೆ ನಾಲ್ಕು ಊರಿಗೆ ನೀರು.”

“ಅಕ್ಷರ ಇಲ್ಲದೋರು ಕಟ್ಟಿದ್ದು ಅಂತ ಕಾಯೋಕೆ ಬೆಲೆ ಇಲ್ಲ. ಅಕ್ಷರ ಇಲ್ಲದೋನು ಕಾಯ್ದ ಅಂತ ಅವನ ಜೀವಕ್ಕೂ ಇಲ್ಲ. ಅಲ್ವಾ?”

“ಸಿಟ್ಟು ಮಾಡ್ಕೋಬೇಡಿ. ನಿಮ್ಮ ವಯಸ್ಸೇ ಅಂಥದ್ದು.” ಮಲ್ಲಿಕಾರ್ಜುನಯ್ಯ ದನಿ ತಗ್ಗಿಸಿದರು. “ಆ ಹೆಂಗಸನ್ನ ನೆನೀರಿ. ಅಪಘಾತ ಅಂತ ಬರೆದ್ರೆ ಇಲಾಖೆಯವರು ಅವಳಿಗೆ ಏನಾದ್ರೂ ದಾರಿ ಮಾಡ್ತಾರೆ. ನನ್ನ ಅಕ್ಕಿ ಗಿರಣೀಲಿ ನಾನೇ ಕೆಲಸ ಕೊಡ್ತೀನಿ. ಕೊಲೆ ಅಂತ ಬರೆದ್ರೆ ಅವಳಿಗೇನು? ಕೋರ್ಟಿನ ಮೆಟ್ಟಿಲು, ಹತ್ತು ವರ್ಷ. ಅದೂ ಅಲ್ದೆ, ಗೋಡೆ ಅಲ್ಲಾಡ್ತಿದೆ ಅಂತ ಅವನೇ ಬರೆದುಕೊಟ್ಟಿದ್ದಾನಲ್ರೀ!”

“ಯಾರು?”

“ಸಣ್ಣಬೀರಪ್ಪ.”

ಜೀಪಿನೊಳಗಿನ ಚೀಲದಿಂದ ಒಂದು ಮಡಿಚಿದ ಅರ್ಜಿ ಹೊರಬಂತು. ಬೆನಕಪ್ಪ ಬಿಡಿಸಿದ. ‘ಮೂರುಸುತ್ತಿನ ಗುಡ್ಡದ ಮೇಲಿನ ಸುತ್ತಿನ ಗೋಡೆಯು ತೀರಾ ಶಿಥಿಲವಾಗಿದ್ದು, ಜನ ಜಾನುವಾರುಗಳಿಗೆ ಅಪಾಯವಿರುವುದರಿಂದ ತೆಗೆಸಿಕೊಡಬೇಕಾಗಿ ಪ್ರಾರ್ಥನೆ.’ ಟೈಪು ಮಾಡಿದ್ದು. ತಾರೀಖು ಹತ್ತು ದಿನದ ಹಿಂದಿನದು. ಕೆಳಗೆ ‘ಸಣ್ಣಬೀರಪ್ಪ, ಕಾವಲುಗಾರ’ ಎಂದು ಟೈಪಿಸಿ, ಪಕ್ಕದಲ್ಲಿ ನೀಲಿ ಮಸಿಯ ಹೆಬ್ಬೆಟ್ಟು.

“ಇದರ ನಕಲು ಆಗಲೇ ಮೇಲಕ್ಕೆ ಹೋಗಿದೆ,” ಎಂದರು ಮಲ್ಲಿಕಾರ್ಜುನಯ್ಯ. “ಕಾಯೋನೇ ತೆಗೆಸಿ ಅಂದ ಮೇಲೆ ಇನ್ನಾರಿಗೆ ಬೇಕು ಹೇಳಿ ಆ ಗೋಡೆ?”

ಬೆನಕಪ್ಪ ಹೆಬ್ಬೆಟ್ಟನ್ನೇ ನೋಡುತ್ತಿದ್ದ.

“ಇವನು ರುಜು ಹಾಕ್ತಿದ್ದ.”

“ಏನು?”

“ಸಣ್ಣಬೀರಪ್ಪ. ಆರು ತಿಂಗಳಿಂದ ರುಜು ಹಾಕ್ತಿದ್ದ. ಮೇಷ್ಟ್ರ ಜಗಲಿ ಮೇಲೆ ಕೂತು ಕಲಿತಿದ್ದ. ಹಾಜರಿ ಪುಸ್ತಕದಲ್ಲಿ ನಾನೇ ನೋಡಿದ್ದೀನಿ, ಒಂದು ಹೆಸರು ಎರಡು ಗೆರೆ ತಿಂತಿತ್ತು. ಹೋದ ತಿಂಗಳು ಒಬ್ಬ ಗುಮಾಸ್ತೆ ಮಸಿ ಡಬ್ಬಿ ಮುಂದೆ ಇಟ್ಟಿದ್ದಕ್ಕೆ ಅವನ ಮೇಲೆ ಜಗಳಕ್ಕೆ ಹೋದ. ಹತ್ತು ದಿನದ ಹಿಂದೆ ಆ ಮನುಷ್ಯ ಹೆಬ್ಬೆಟ್ಟು ಒತ್ತೋನಲ್ಲ.”

ಜೀಪಿನ ಬಾನೆಟ್ಟಿನ ಮೇಲೆ ಕಾಗೆಯೊಂದು ಬಂದು ಕೂತು ಹಾರಿತು. ಮಲ್ಲಿಕಾರ್ಜುನಯ್ಯ ಮೊದಲ ಸಲ ತಮ್ಮ ಕೈಗಳನ್ನು ನೋಡಿಕೊಂಡರು.

“ಹೆಬ್ಬೆಟ್ಟು ಅವನದೇ ಇರಬಹುದು,” ಬೆನಕಪ್ಪ ಒಂದು ಹೆಜ್ಜೆ ಮುಂದೆ ಬಂದ. “ಆದರೆ ಒತ್ತಿದ್ದು ಅವನಲ್ಲ. ಹೆಣದ ಕೈ ಹಿಡಿದು ಒತ್ತಿಸಿದ್ದಾರೆ. ಎಲ್ಲಿ ಒತ್ತಿಸಿದ್ರಿ? ಈ ಜೀಪಲ್ಲಾ?”

“ನಾಲಿಗೆ ಹಿಡಿದು ಮಾತಾಡಿ!” ಕುರ್ಚಿ ಹಿಂದಕ್ಕೆ ಬಿತ್ತು. “ಇದು ನನ್ನ ಕೈಗೆ ಬಂದದ್ದು ನಿನ್ನೆ ಮಧ್ಯಾಹ್ನ. ತಂದುಕೊಟ್ಟೋರು ನನ್ನ ಕಡೆಯೋರಲ್ಲ.”

“ಮತ್ಯಾರು?”

ಮಲ್ಲಿಕಾರ್ಜುನಯ್ಯ ಉಸಿರು ತಹಬಂದಿಗೆ ತಂದುಕೊಂಡರು. ನಿಧಾನವಾಗಿ ಹಳೆಯ ನಗು ಮರಳಿತು. ಈ ಸಲ ಅದರಲ್ಲಿ ಕನಿಕರವಿತ್ತು. ಅದೇ ಬೆನಕಪ್ಪನನ್ನು ಹೆಚ್ಚು ಉರಿಸಿತು.

“ನಾನು ಗೋಡೆ ಕೆಡವಿಸಿದ್ದು ನಿಜ ಅಂತಲೇ ಇಟ್ಕೊಳ್ಳಿ. ಸೋಮವಾರ, ಹಗಲು ಹೊತ್ತಿನಲ್ಲೇ, ಚೈನು ಕಟ್ಟಿ. ಅದಕ್ಕೆ ನೀವೊಂದು ಕೇಸು ಹಾಕಿ, ನಾನು ದಂಡ ಕಟ್ತೀನಿ. ರಕ್ತ ನನ್ನ ಕೈಮೇಲಿಲ್ಲ. ಆ ಕಾಗದ ಯಾರು ತಂದ್ರು ಅಂತ ಹೇಳಿದ್ರೂ ನೀವು ನಂಬಲ್ಲ. ಹುಡುಕ್ಕೊಳ್ಳಿ. ಅದು ನಿಮ್ಮ ಕಸುಬಲ್ವೇ?”

“ಕಾಗದ ನನ್ನ ಹತ್ತಿರ ಇರುತ್ತೆ.”

“ಇಟ್ಕೊಳ್ಳಿ. ಐದು ಗಂಟೆ ಅಂತ ಮಾತ್ರ ಮರೀಬೇಡಿ.”

*

ಮೋಟಾರ್ ಸೈಕಲ್ ಗುಡ್ಡವನ್ನು ಬಳಸಿ ಹಟ್ಟಿ ಸೇರುವಾಗ ಮೂರೂಕಾಲು. ಹದಿನಾರು ಮನೆಯ ಹಟ್ಟಿ. ಬೆನಕಪ್ಪನನ್ನು ಕಂಡು ಕಟ್ಟೆಯ ಮೇಲೆ ಕೂತಿದ್ದ ಗಂಡಸರು ಒಬ್ಬೊಬ್ಬರಾಗಿ ಎದ್ದು ಒಳಗೆ ಹೋದರು. ಪಂಚನಾಗಿ ಬಾ ಎಂದರೆ ಒಬ್ಬನಿಗೆ ಹೊಟ್ಟೆನೋವು, ಇನ್ನೊಬ್ಬನಿಗೆ ಎಮ್ಮೆ ಈಯುತ್ತಿತ್ತು.

“ಹೆದರ್ಕೊಂಡು ಸಾಯ್ರಲೇ!” ಎಂದು ಅವನು ಬೀದಿಯ ಮಧ್ಯೆ ನಿಂತು ಕೂಗಿದ. “ನಾಳೆ ನಿಮ್ಮಲ್ಲೊಬ್ಬನ ಮೇಲೆ ಗೋಡೆ ಬಿದ್ರೂ ಹಿಂಗೇ ಬರೀತಾರೆ!”

ಕೊನೆಯ ಮನೆಯ ಬಾಗಿಲಲ್ಲಿ ಹುಲಿಗೆಮ್ಮ ನಿಂತಿದ್ದಳು. ಸಣ್ಣಬೀರಪ್ಪನ ಹೆಂಡತಿ. ಬೆಳಗ್ಗೆ ಗಂಡನನ್ನು ಮಣ್ಣು ಮಾಡಿ ಬಂದವಳು. ತಲೆಗೂದಲು ಇನ್ನೂ ಒದ್ದೆ. ಕಣ್ಣಲ್ಲಿ ನೀರಿರಲಿಲ್ಲ.

“ಬಾಯಿ ಮಾಡಬೇಡ ಕಣಪ್ಪಾ. ಅವರು ಬರಾಕಿಲ್ಲ. ನಾನು ಬತ್ತೀನಿ. ಹೆಂಗಸು ಪಂಚರಲ್ಲಿ ಒಬ್ಬಳಾಗಬಾರದಾ?”

“ಆಗಬಹುದು ಹುಲಿಗಕ್ಕ. ಸತ್ತೋನ ಹೆಂಡತಿ ಅಂತ ಕೋರ್ಟಲ್ಲಿ ಎಳೀತಾರೆ, ಎಳೀಲಿ. ಮೊದಲು ಇದನ್ನ ನೋಡು.”

ಎಕ್ಕಡಗಳನ್ನು ನೋಡಿ ಅವಳ ಮುಖ ಒಂದು ಸಲ ಅದುರಿತು. ಕೈಗೆ ತೆಗೆದುಕೊಂಡು ಪಟ್ಟಿಯ ಹೊಲಿಗೆ ಸವರಿದಳು. “ಅವನದೇ. ಎಲ್ಲಿತ್ತು?”

“ಮೂಡಲ ದಿಡ್ಡೀಲಿ.”

“ಸುಳ್ಳು. ಅವನು ಆ ಕಡೆಯಿಂದ ಯಾವತ್ತೂ ಹತ್ತಿದ್ದಿಲ್ಲ. ಯಾರು ಆ ಕಡೆಯಿಂದ ಹೊತ್ರು ನನ್ನ ಗಂಡನ್ನ?”

ಏನನ್ನೂ ಬಿಡಿಸಿ ಹೇಳುವ ಮೊದಲೇ ಅವಳು ‘ಹೊತ್ರು’ ಅಂದದ್ದನ್ನು ಬೆನಕಪ್ಪ ಗಮನಿಸಿದ. ಈ ಹೆಂಗಸಿನ ಮುಂದೆ ಸುತ್ತಿಬಳಸುವುದರಲ್ಲಿ ಅರ್ಥವಿಲ್ಲ.

“ಹುಲಿಗಕ್ಕ, ಮಂಗಳವಾರ ಸಂಜೆ ಮಳೆ ಬರೋವಾಗ ಅವನು ಮನೇಲಿದ್ನಾ?”

“ಇದ್ದ. ಮುದ್ದೆ ಮುಂದೆ ಕೂತಿದ್ದ. ಅರ್ಧಕ್ಕೆ ಎದ್ದು ಕಂಬಳಿ ಕೊಪ್ಪೆ ಹಾಕ್ಕೊಂಡು ಹೋದ.”

“ನಿನ್ನೆ ನಾನು ಕೇಳಿದಾಗ ಯಾರೂ ಬಂದಿರಲಿಲ್ಲ ಅಂದೆ?”

“ನೀನು ಏನು ಕೇಳ್ದೆ? ಕಂಟ್ರಾಕ್ಟ್ರು ಕಡೆಯೋರು ಬಂದಿದ್ರಾ, ಆಗದೋರು ಯಾರಾದ್ರೂ ಬಂದಿದ್ರಾ ಅಂತ ಕೇಳ್ದೆ. ಬಂದಿರಲಿಲ್ಲ, ಇಲ್ಲ ಅಂದೆ.”

“ಹಂಗಾದ್ರೆ ಸುರಿಯೋ ಮಳೇಲಿ ಉಣ್ಣೋ ಮುದ್ದೆ ಬಿಟ್ಟು ಎದ್ದು ಹೋದದ್ದು ಯಾಕೆ? ಆ ಕಂಟ್ರಾಕ್ಟರನ ಚೇಲಾಗಳೇ ಕರೆದಿರಬೇಕು.”

“ಆ ಮನೆಹಾಳರು ಕರೆದ್ರೆ ಅವನು ಹೋಗ್ತಿದ್ನಾ!” ಹುಲಿಗೆಮ್ಮ ಸಿಡಿದಳು. “ಅವರ ಮುಖಕ್ಕೆ ಉಗೀತಿದ್ದ. ಮೇಷ್ಟ್ರು ಕರೆದ್ರು ಅಂತ ಹೋದ.”

ಬೆನಕಪ್ಪನ ಕೈಯಲ್ಲಿದ್ದ ಅರ್ಜಿ ಗಾಳಿಗೆ ಪಟಪಟ ಅಂದಿತು.

“ಯಾವ ಮೇಷ್ಟ್ರು?”

“ಎಷ್ಟು ಜನ ಮೇಷ್ಟ್ರು ಅವ್ರೆ ಇಲ್ಲಿ? ಈರಭದ್ರಪ್ಪನೋರು. ಕೊಡೆ ಹಿಡ್ಕೊಂಡು ಅಗೋ ಅಲ್ಲಿ, ಬಾಗಿಲಲ್ಲಿ ನಿಂತಿದ್ರು. ಒಳಗೆ ಬನ್ನಿ ಅಂದ್ರೂ ಬರಲಿಲ್ಲ. ಬಾರೋ ಬೀರ, ಗೋಡೆ ತಾವ ಹೋಗಿ ಬರಾಣ ಅಂದ್ರು. ಅವರೇನು ಆಗದೋರಾ? ನನ್ನ ಗಂಡಂಗೆ ಅಕ್ಷರ ಕೊಟ್ಟೋರು. ಅದಕ್ಕೆ ಹೇಳಲಿಲ್ಲ.” ಅವಳು ಬೆನಕಪ್ಪನ ಮುಖ ನೋಡಿದಳು. ದನಿ ನಿಂತಿತು. “ಯಾಕೆ? ಯಾಕೆ ಹಂಗೆ ನೋಡ್ತೀ?”

ಭಾನುವಾರ. ನಮ್ಮ ಮನೆ ಜಗಲಿ ಮೇಲೆ. ನಿನ್ನೆ ಬರಕೊಂಡ್ಯಲ್ಲಪ್ಪ.

ಜೇಬಿನಲ್ಲಿದ್ದ ಮಹಜರು ಬೆನಕಪ್ಪನ ಎದೆಯನ್ನು ಚುಚ್ಚುತ್ತಿತ್ತು. ಒಣ ನೆಲ ಕಂಡವರೆಂದು ಅದರಲ್ಲಿ ಇದ್ದದ್ದು ಒಂದೇ ರುಜು. ಗೋಡೆ ಉಳಿಯಬೇಕಾದರೆ ಅದು ಬೇಕು. ಕೊಲೆ ನಿಲ್ಲಬೇಕಾದರೂ ಅದೇ ಬೇಕು. ಈಗ ಆ ರುಜು ಹಾಕಿದವನ ಮಾತೇ ಸುಳ್ಳು.

ಇಪ್ಪತ್ತು ವರ್ಷ ಗೋಡೆಗಾಗಿ ಬಡಿದಾಡಿದ ಮನುಷ್ಯ ಅದನ್ನು ಕೆಡವಿಸಿ ಎಂಬ ಅರ್ಜಿಗೆ ಹೆಣದ ಹೆಬ್ಬೆಟ್ಟು ಒತ್ತಿಸುತ್ತಾನೆಯೇ? ಯಾಕೆ? ಆ ವಯಸ್ಸಿಗೆ ಒಬ್ಬನೇ ಒಂದು ಹೆಣ ಹೊತ್ತು ಗುಡ್ಡ ಹತ್ತಲಾರ. ಜೊತೆಗಿದ್ದವನು ಯಾರು?

ಬೀದಿಯ ಕೊನೆಯಲ್ಲಿ ಏದುಸಿರಿನ ಸದ್ದು. ಖಾಕಿ ಚಡ್ಡಿ, ಕೈಯಲ್ಲಿ ಟೋಪಿ. ಗಿಡ್ಡಪ್ಪ ಓಡುತ್ತ ಬಂದವನು ಮಂಡಿ ಹಿಡಿದು ಬಗ್ಗಿದ.

“ಬಂದೆ ಸಾರ್… ಬಂದ್ಬಿಟ್ಟೆ. ಏನು ಸಾರ್ ಅಷ್ಟು ಅರ್ಜೆಂಟು?”

“ಜಾಗ ಬಿಟ್ಟು ಯಾಕೆ ಬಂದೆಯೋ?”

“ನೀವೇ ಕರೆದ್ರಂತಲ್ಲ ಸಾರ್! ಹಟ್ಟಿ ಕಡೆಯಿಂದ ಸಾಹೇಬ್ರು ಕೈ ಬೀಸ್ತಿದ್ದಾರೆ, ಓಡು ಅಂದ್ರು ಮೇಷ್ಟ್ರು. ಅಲ್ಲೀವರೆಗೆ ಜಾಗ ನಾನು ನೋಡ್ಕೋತೀನಿ ಅಂದ್ರು.”

ಬೆನಕಪ್ಪ ತಲೆಯೆತ್ತಿದ.

ಬೋಳುಗುಡ್ಡ. ನೆತ್ತಿಯವರೆಗೂ ಒಂದು ಮರ ಅಡ್ಡವಿರಲಿಲ್ಲ. ಮೇಲಿನ ಸುತ್ತಿನ ಕುಸಿದ ಜಾಗ ಇಲ್ಲಿಂದ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ಅಲ್ಲೊಂದು ಬಿಳಿ ಪಂಚೆ ಓಡಾಡುತ್ತಿತ್ತು.

ಅದು ಬಂಡೆಯ ಮೇಲೆ ಮಳೆನೀರು ನಿಂತ ದೊಣೆಗೆ ಹೋಯಿತು. ಬಗ್ಗಿತು. ಎದ್ದಾಗ ಕೈಯಲ್ಲಿ ಕೂಲಿಯವರು ಬಿಟ್ಟುಹೋದ ಕೊಡ. ಎರಡೂ ಕೈಯಲ್ಲಿ ಕೊಡ ಎತ್ತಿಕೊಂಡು, ಮುಗ್ಗರಿಸುತ್ತ, ಬಿದ್ದ ಗೋಡೆಯವರೆಗೆ ನಡೆಯಿತು.

“ಏನು ಮಾಡ್ತಾವ್ರೆ ಮೇಷ್ಟ್ರು ಅಲ್ಲಿ?” ಎಂದಳು ಹುಲಿಗೆಮ್ಮ, ಕಣ್ಣಿಗೆ ಕೈ ಅಡ್ಡ ಹಿಡಿದು.

ಈರಭದ್ರಪ್ಪ ಮೇಷ್ಟ್ರು ಚಪ್ಪಡಿ ಮಗುಚಿದ ಜಾಗದಲ್ಲಿ ನಿಂತು, ಎಳೆಯ ಸಸಿಗೆ ಹೊಯ್ಯುವಷ್ಟು ಜೋಪಾನವಾಗಿ, ಒಣ ನೆಲದ ಮೇಲೆ ನೀರು ಹೊಯ್ಯುತ್ತಿದ್ದರು.